ಮುಚ್ಚಿದ ತೆಕ್ಕಿನಿ: ‘ಮಣಿಚ್ಚಿತ್ರತ್ತಾಳು’ ಚಿತ್ರದಲ್ಲಿ ಮನೆತನ ಮತ್ತು ಪ್ರೇತ

ಪ್ರೇತಕಥೆಗೆ ಒಂದು ಮನೆ ಬೇಕು. ಕಾಡಿನ ಪಿಶಾಚಿ ದಾರಿಹೋಕನನ್ನು ಬೆದರಿಸಿ ಬಿಟ್ಟುಬಿಡುತ್ತದೆ. ಮನೆಯ ಪ್ರೇತವಾದರೋ ಹೆಸರು ಹಿಡಿದು ಕರೆಯುತ್ತದೆ, ಸಂಬಂಧವನ್ನು ನೆನಪಿಸುತ್ತದೆ, ತನಗೆ ಸಲ್ಲಬೇಕಾದುದನ್ನು ಕೇಳುತ್ತದೆ. ದಕ್ಷಿಣ ಭಾರತದ ಚಲನಚಿತ್ರಗಳಲ್ಲಿ ಈ ಸಂಗತಿಯನ್ನು ಸಮರ್ಪಕವಾಗಿ ನಿರೂಪಿಸಿದ ಕೃತಿಗಳಲ್ಲಿ 1993ರ ಮಲೆಯಾಳ ಚಿತ್ರ ‘ಮಣಿಚ್ಚಿತ್ರತ್ತಾಳು’ ಮುಖ್ಯವಾದುದು. ಇದರ ಕಥೆ ಮಧು ಮುಟ್ಟಂ ಅವರದು. ನಿರ್ದೇಶನ ಫಾಸಿಲ್ ಅವರದು. ಗಂಗೆಯ ಪಾತ್ರಕ್ಕಾಗಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಹೆಸರಿನ ಅರ್ಥ ಚಿತ್ತಾರದ ಬೀಗ ಎಂದು. ಆ ಬೀಗದ ಹಿಂದೆ ಇರುವುದೇನು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಕಲ್ಕತ್ತೆಯಲ್ಲಿ ನೆಲೆಸಿದ್ದ ನಕುಲನ್, ಪತ್ನಿ ಗಂಗೆಯೊಡನೆ ತನ್ನ ಪೂರ್ವಿಕರ ಮಾಡಂಪಳ್ಳಿ ಮನೆಗೆ ಬರುತ್ತಾನೆ. ಬಂಧುಗಳು ಬೇಡವೆಂದರೂ ಕೇಳದೆ ಆ ಮನೆಯಲ್ಲೇ ಬಿಡಾರ ಹೂಡುತ್ತಾನೆ. ಕೇರಳದ ನಾಲ್ಕುಕಟ್ಟಿನ ಮನೆಗಳಲ್ಲಿ ದಕ್ಷಿಣದ ಭಾಗವನ್ನು ‘ತೆಕ್ಕಿನಿ’ ಎನ್ನುತ್ತಾರೆ. ಮಾಡಂಪಳ್ಳಿಯ ತೆಕ್ಕಿನಿ ಮಂತ್ರಬಂಧನದಲ್ಲಿದೆ. ಹಿಂದೆ ಮನೆಯ ಹಿರಿಯನಾದ ಶಂಕರನ್ ತಂಬಿ ತಂಜಾವೂರಿನಿಂದ ನಾಗವಲ್ಲಿ ಎಂಬ ನರ್ತಕಿಯನ್ನು ಕರೆತಂದಿದ್ದನು. ಅವಳ ಮನಸ್ಸು ರಾಮನಾಥನ್ ಎಂಬ ನರ್ತಕನಲ್ಲಿ ನೆಟ್ಟಿತ್ತು. ಇದನ್ನರಿತ ತಂಬಿ ದುರ್ಗಾಷ್ಟಮಿಯ ರಾತ್ರಿ ಅವಳನ್ನು ಕೊಂದನು. ಈ ಕಥೆಯನ್ನು ಕೇಳಿ ಮುಗ್ಧಳಾದ ಗಂಗೆ ಕೀಲಿ ಮಾಡಿಸಿ ಬೀಗ ತೆರೆಯಿಸುತ್ತಾಳೆ.

ಇಲ್ಲಿ ಮನೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಕೇರಳದ ತರವಾಡುಗಳಲ್ಲಿ ಬಹುಕಾಲ ನಡೆದುಬಂದ ಮರುಮಕ್ಕತ್ತಾಯದಂತೆ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿತ್ತು; ಅದರ ಆಡಳಿತ ಮಾತ್ರ ಹಿರಿಯ ಗಂಡಸಾದ ಕಾರಣವರ ಕೈಯಲ್ಲಿತ್ತು. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ಕನ್ನಡಿಗರಿಗೆ ಈ ಏರ್ಪಾಡು ಅಪರಿಚಿತವಲ್ಲ. 20ನೆಯ ಶತಮಾನದ ಶಾಸನಗಳು ಮೊದಲು ಪಾಲುಪಟ್ಟಿಗೆ ದಾರಿ ತೆರೆದುವು. ಬಳಿಕ 1975ರ ಕೇರಳ ಶಾಸನವು ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿತು. ನಿಲುವಿನ ಮನೆಗಳು ಉಳಿದುವು, ಅವುಗಳಲ್ಲಿ ತುಂಬಿ ವಾಸಿಸುತ್ತಿದ್ದವರು ಚದುರಿದರು. ಮಾಡಂಪಳ್ಳಿಯಂಥ ಖಾಲಿ ಮನೆ ಬರಿಯ ಕಲ್ಪನೆಯಿಂದ ಹುಟ್ಟಿದ್ದಲ್ಲ. ಹೊಲ ಗದ್ದೆ ಹಂಚಿಹೋದುವು. ಕಾರಣವರು ಮಾಡಿದ ಅನ್ಯಾಯಕ್ಕೆ ಮಾತ್ರ ಪಾಲುದಾರರು ಮುಂದೆ ಬರಲಿಲ್ಲ. ಅದನ್ನು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿದರು. ಆಸ್ತಿಯೊಡನೆ ಋಣವೂ ಬರುತ್ತದೆಂಬ ಹಳೆಯ ನ್ಯಾಯವನ್ನು ಚಿತ್ರವು ಈ ರೀತಿಯಲ್ಲಿ ಎತ್ತಿಹಿಡಿಯುತ್ತದೆ. ನಾಗವಲ್ಲಿ ಬಂದು ಕೇಳುವುದೂ ತಂಬಿಯ ತಲೆಯನ್ನೇ. ಆದರೆ ಆ ಕ್ಷಣದಲ್ಲಿ ತಂಬಿಯ ಸ್ಥಾನದಲ್ಲಿ ಅವಳ ಕಣ್ಣಿಗೆ ಬೀಳುವವನು ವಂಶದ ಕುಡಿಯಾದ ನಕುಲನ್.

ಚಿತ್ರದ ರಚನೆಯಲ್ಲಿ ಗಮನಾರ್ಹವಾದ ಅಂಶವೆಂದರೆ, ಅದರಲ್ಲಿ ಪ್ರೇತವೆಂಬುದೇ ಇಲ್ಲ. ರಾತ್ರಿಯ ಗೆಜ್ಜೆಯ ಸದ್ದು, ಮುಚ್ಚಿದ ಕೋಣೆಯಿಂದ ಬರುವ ಹಾಡು ಇವೆಲ್ಲವೂ ಗಂಗೆಯಿಂದಲೇ ನಡೆದುವೆಂದು ಅಮೆರಿಕದಿಂದ ಬಂದ ಮನೋವೈದ್ಯ ಸಣ್ಣಿ ಕಂಡುಹಿಡಿಯುತ್ತಾನೆ. ಹೆತ್ತವರು ಕಲ್ಕತ್ತೆಗೆ ತೆರಳಿದ್ದರು. ಬಾಲಕಿ ಗಂಗೆ ಊರಿನಲ್ಲಿ ಅಜ್ಜಿಯ ಕಥೆಗಳ ನಡುವೆ ಬೆಳೆದಳು. ಒಂದು ದಿನ ತನ್ನನ್ನು ಅಲ್ಲಿಂದ ಕರೆದೊಯ್ಯುವರೆಂದು ತಿಳಿದಾಗ ಎಳೆಯ ಮನಸ್ಸಿಗೆ ಆದ ಪೆಟ್ಟೇ ಮುಂದಿನ ವ್ಯಾಧಿಗೆ ಬೀಜವಾಯಿತು. ಉದ್ಯೋಗಕ್ಕಾಗಿ ಊರು ಬಿಟ್ಟ ಕುಟುಂಬಗಳಲ್ಲಿ ಮಕ್ಕಳನ್ನು ಅಜ್ಜಿಯ ಬಳಿ ಬಿಡುವುದೂ, ಮತ್ತೆ ಕರೆಸಿಕೊಳ್ಳುವುದೂ ಸಾಮಾನ್ಯ. ಅದರ ಬೆಲೆಯನ್ನು ಮಗು ತೆರುತ್ತದೆಂಬುದನ್ನು ಒಂದು ಭಯಾನಕ ಚಿತ್ರ ಹೇಳಬೇಕಾಯಿತು. ತನ್ನವರಿಂದ ದೂರಾಗಿ ಪರಸ್ಥಳದಲ್ಲಿ ಸಿಕ್ಕಿಕೊಂಡ ನಾಗವಲ್ಲಿಯಲ್ಲಿ ಗಂಗೆ ತನ್ನನ್ನೇ ಕಂಡುಕೊಂಡರೆ ಆಶ್ಚರ್ಯವೇನು?

ಪ್ರೇಕ್ಷಕನ ಮೇಲೂ ಚಿತ್ರವು ಒಂದು ಪರೀಕ್ಷೆಯನ್ನು ಒಡ್ಡುತ್ತದೆ. ಮನೆಯಲ್ಲಿ ಅನಾಹುತಗಳು ಆರಂಭವಾದೊಡನೆ ಎಲ್ಲರ ಸಂಶಯವೂ ಶ್ರೀದೇವಿಯತ್ತ ತಿರುಗುತ್ತದೆ. ಈ ಪಾತ್ರವನ್ನು ವಹಿಸಿದವರು ಕನ್ನಡದ ನಟಿ ವಿನಯಾ ಪ್ರಸಾದ್. ನಕುಲನಿಗೆ ಅವಳನ್ನು ತರಬೇಕೆಂಬ ಮಾತು ಹಿಂದೊಮ್ಮೆ ಇದ್ದು, ಕುಜದೋಷದ ಕಾರಣ ಮುರಿದುಬಿದ್ದಿತ್ತು. ಜಾತಕ ದೂರವಿಟ್ಟ ಹೆಣ್ಣು, ಮಾತು ಕಡಿಮೆ, ಮುಖದಲ್ಲಿ ವಿಷಾದ, ಇಷ್ಟೇ ಸಾಕ್ಷ್ಯ. ಮನೆಯವರು ನಂಬುತ್ತಾರೆ, ಪ್ರೇಕ್ಷಕನೂ ನಂಬುತ್ತಾನೆ. ನಗುನಗುತ್ತ ಓಡಾಡುವ ಗಂಗೆಯ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ. ಕಥೆಯ ಗುಟ್ಟು ಬಯಲಾದಾಗ ಪ್ರೇಕ್ಷಕನಿಗೆ ಆಗುವ ಅಚ್ಚರಿಯಲ್ಲಿ ಕಿಂಚಿತ್ ನಾಚಿಕೆಯೂ ಬೆರೆತಿರಬೇಕು. ದುರದೃಷ್ಟವಂತೆಯನ್ನೇ ದುಷ್ಟಶಕ್ತಿಯೆಂದು ಗುರುತಿಸುವ ಅಭ್ಯಾಸವು ಶತಮಾನಗಳ ಹಿಂದಿನ ತಂಬಿಯ ಕ್ರೌರ್ಯಕ್ಕಿಂತ ಹೆಚ್ಚು ಸಮೀಪದ್ದು. ಅದಕ್ಕೆ ಮಂತ್ರಬಂಧನವೂ ಇಲ್ಲ.

ಪರಿಹಾರದ ಭಾಗವು ವೈದ್ಯಶಾಸ್ತ್ರದ ದೃಷ್ಟಿಯಿಂದ ದುರ್ಬಲ. ಇಂತಹ ವ್ಯಾಧಿಗೆ ದೀರ್ಘಕಾಲದ ಮನಶ್ಚಿಕಿತ್ಸೆ ಬೇಕು. ಒಂದು ರಾತ್ರಿಯ ನಾಟಕದಿಂದ ಅದು ಗುಣವಾಗುವುದಿಲ್ಲ. ಆದರೂ ವೈದ್ಯನೂ ಮಾಂತ್ರಿಕ ಬ್ರಹ್ಮದತ್ತನ್ ನಂಬೂದಿರಿಪಾಡರೂ ಪರಸ್ಪರ ಹೀಯಾಳಿಸದೆ ಕೂಡಿ ಕೆಲಸಮಾಡುವುದು ಅರ್ಥವತ್ತಾಗಿದೆ. ರೋಗಿಯ ಲೋಕದಲ್ಲಿ ಸೇಡು ತೀರದೆ ಶಾಂತಿಯಿಲ್ಲವೆಂದು ಇಬ್ಬರೂ ಒಪ್ಪುತ್ತಾರೆ. ನಕುಲನ ಬದಲು ಒಂದು ಬೊಂಬೆ ಕತ್ತಿಗೆ ಬಲಿಯಾಗುತ್ತದೆ. ನಾಗವಲ್ಲಿಯ ಲೆಕ್ಕ ಚುಕ್ತಾ ಆಗುತ್ತದೆ.

ಪರಪ್ರಾಂತದ ಕನ್ನಡಿಗರಿಗೆ ಅತ್ಯಂತ ಕುತೂಹಲಕರವಾದುದು ಭಾಷೆಯ ಪ್ರಶ್ನೆ. ಮಲೆಯಾಳ ಮಾತಾಡುವ ಗಂಗೆ ಆವೇಶ ಬಂದಾಗ ತಮಿಳಿನಲ್ಲಿ ಗದರುತ್ತಾಳೆ. ಈ ಕಥೆಯನ್ನು ಪಿ. ವಾಸು 2004ರಲ್ಲಿ ಕನ್ನಡದಲ್ಲಿ ‘ಆಪ್ತಮಿತ್ರ’ವಾಗಿ ತಂದಾಗ ನಾಗವಲ್ಲಿ ತೆಲುಗು ನಾಡಿನವಳಾದಳು. ಅವರದೇ 2005ರ ತಮಿಳು ‘ಚಂದ್ರಮುಖಿ’ಯಲ್ಲಿಯೂ ನರ್ತಕಿ ತೆಲುಗಿನವಳು. ಪ್ರಿಯದರ್ಶನ್ ನಿರ್ದೇಶಿಸಿದ 2007ರ ಹಿಂದಿ ‘ಭೂಲ್ ಭುಲೈಯಾ’ದಲ್ಲಿ ಅವಳು ಬಂಗಾಳದ ಮಂಜುಲಿಕಾ. ಯಾವ ಭಾಷೆಯ ಚಿತ್ರವೇ ಆಗಲಿ, ಪ್ರೇತದ ಬಾಯಲ್ಲಿ ಬೇರೊಂದು ಭಾಷೆಯನ್ನು ಇಡುತ್ತದೆ. ನರ್ತಕಿಯನ್ನು ದೂರದಿಂದ ತರುತ್ತಿದ್ದ ಅರಸುಕಾಲದ ವಾಡಿಕೆ ಇದಕ್ಕೆ ಒಂದು ಕಾರಣ. ಮನೆಯೊಳಗೆ ಅನ್ಯಭಾಷೆ ಕೇಳಿಬಂದಾಗ ಹುಟ್ಟುವ ಅಳುಕು ಮತ್ತೊಂದು.

ಆದರೆ ಒಂದು ನಷ್ಟವೂ ಸಂಭವಿಸಿತು. ‘ಆಪ್ತಮಿತ್ರ’ದಲ್ಲಿ ದಂಪತಿಗಳು ಹಳೆಯ ಅರಮನೆಯನ್ನು ಕೊಂಡುಕೊಳ್ಳುತ್ತಾರೆ, ಕೊಂದ ಅರಸನಿಗೂ ಅವರಿಗೂ ರಕ್ತಸಂಬಂಧವಿಲ್ಲ. ‘ಚಂದ್ರಮುಖಿ’ಯಲ್ಲಿಯೂ ಹಾಗೆಯೇ. ಸೌಂದರ್ಯ ಅವರ ಅಭಿನಯ ಸ್ಮರಣೀಯವಾದುದು. ಚಿತ್ರ ಬಿಡುಗಡೆಯಾಗುವ ಮೊದಲೇ, 2004ರ ಏಪ್ರಿಲ್‌ನಲ್ಲಿ, ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಆದರೂ ಕ್ರಯಪತ್ರದ ಮೂಲಕ ಬಂದ ಪ್ರೇತವು ವಂಶದ ಮೂಲಕ ಬಂದ ಪ್ರೇತದಷ್ಟು ಹಕ್ಕಿನಿಂದ ಮಾತಾಡಲಾರದು. ಕೊಂಡ ಮನೆಯನ್ನು ಮಾರಿ ಹೊರಟುಹೋಗಬಹುದು, ಮನೆತನವನ್ನು ಮಾರುವಂತಿಲ್ಲ.

ಊರಿನ ಹಳೆಯ ಮನೆಯಲ್ಲಿ ಇಂದಿಗೂ ಪಾಲು ಹೊಂದಿ, ವರ್ಷಕ್ಕೊಮ್ಮೆ ಹೋಗಿ ಬಾಗಿಲು ತೆರೆದು ದೀಪ ಹಚ್ಚಿ ಬರುವ ಕನ್ನಡಿಗರು ಮುಂಬಯಿ, ಪುಣೆ, ಮದ್ರಾಸುಗಳಲ್ಲಿ ಅನೇಕರಿದ್ದಾರೆ. ಅಂತಹವರಿಗೆ ಮೂಲಚಿತ್ರವು ಬರಿಯ ಭಯವನ್ನಷ್ಟೇ ಕೊಡುವುದಿಲ್ಲ. ಪಾಲುಪಟ್ಟಿಯಲ್ಲಿ ಕಾಣದ ಯಾವ ಹೆಣ್ಣಿನ ಹೆಸರು ಆ ಮನೆಯಲ್ಲಿ ಉಳಿದಿದೆ, ಅವಳಿಗೆ ಸಲ್ಲಬೇಕಾದುದು ಸಂದಿದೆಯೆ ಎಂಬ ವಿಚಾರವನ್ನು ಹಿರಿಯರು ಬದುಕಿರುವಾಗಲೇ ಕೇಳಿ ತಿಳಿಯಲು ಅದು ಪ್ರೇರೇಪಿಸುತ್ತದೆ.