ಮತಾಧಿಕಾರವೂ ಮಹಿಳೆಯ ಹೆಸರೂ

‘ಮತ’ ಎಂಬ ಶಬ್ದವು ನಮ್ಮ ನುಡಿಯಲ್ಲಿ ಮೂರು ಅರ್ಥಗಳಲ್ಲಿ ರೂಢವಾಗಿದೆ. ಧರ್ಮ ಅಥವಾ ಸಂಪ್ರದಾಯವೆಂಬುದು ಒಂದು, ಅಭಿಪ್ರಾಯವೆಂಬುದು ಎರಡನೆಯದು, ಚುನಾವಣೆಯಲ್ಲಿ ಹಾಕುವ ಓಟು ಮೂರನೆಯದು. ಆಲೋಚಿಸು ಎಂಬರ್ಥದ ಸಂಸ್ಕೃತದ ‘ಮನ್’ ಧಾತುವೇ ಈ ಮೂರಕ್ಕೂ ಮೂಲ. ಆದುದರಿಂದ ಒಬ್ಬರಿಗೆ ಮತವಿಲ್ಲವೆಂದರೆ, ರಾಜ್ಯದ ವ್ಯವಹಾರದಲ್ಲಿ ಅವರ ಆಲೋಚನೆಗೆ ಎಣಿಕೆಯಿಲ್ಲವೆಂದೇ ಅರ್ಥವಾಗುತ್ತದೆ. ಹೆಣ್ಣಿನ ಆಲೋಚನೆ ಈ ಎಣಿಕೆಯೊಳಗೆ ಬಂದ ಬಗೆಯನ್ನು, ವಿಶೇಷವಾಗಿ ಕನ್ನಡ ನಾಡನ್ನು ಕುರಿತು, ಇಲ್ಲಿ ವಿಚಾರಿಸೋಣ.

ದೇಶವೊಂದರ ಮಹಿಳೆಯರೆಲ್ಲರೂ ಮತಾಧಿಕಾರ ಪಡೆದುದರಲ್ಲಿ 1893ರ ನ್ಯೂಜಿಲೆಂಡ್ ಮೊದಲನೆಯದು. ಬ್ರಿಟನ್ನಿನಲ್ಲಿ ದೀರ್ಘಕಾಲದ ಹೋರಾಟದ ತರುವಾಯ 1918ರಲ್ಲಿ, ಮೂವತ್ತು ವರ್ಷ ತುಂಬಿ ಆಸ್ತಿಯ ಅರ್ಹತೆಯುಳ್ಳವರಿಗೆ ಮಾತ್ರ ಆ ಹಕ್ಕು ಲಭಿಸಿತು. ಪುರುಷರೊಡನೆ ಸಮಾನತೆ ದೊರೆಯಲು 1928ರವರೆಗೆ ಕಾಯಬೇಕಾಯಿತು. ಭಾರತದಲ್ಲಿ 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವು ಮದರಾಸಿನಲ್ಲಿ ಭಾರತ ಮಂತ್ರಿ ಮಾಂಟೇಗುವನ್ನು ಕಂಡು ಬೇಡಿಕೆ ಸಲ್ಲಿಸಿತು. 1919ರ ಶಾಸನವು ಇದನ್ನು ಇತ್ಯರ್ಥಗೊಳಿಸದೆ ಪ್ರಾಂತಗಳ ಸಭೆಗಳಿಗೇ ಬಿಟ್ಟುಕೊಟ್ಟಿತು. 1921ರಲ್ಲಿ ಮದರಾಸು ಮತ್ತು ಮುಂಬಯಿ ಪ್ರಾಂತಗಳು ಮಹಿಳೆಯರಿಗೆ ಮತ ಕೊಡಲು ಒಪ್ಪಿದವು. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿಗೂ, ಬಳ್ಳಾರಿ, ಮಂಗಳೂರು, ಕಾಸರಗೋಡುಗಳು ಮದರಾಸಿಗೂ ಅಂದು ಸೇರಿದ್ದುದರಿಂದ ಆ ಸೀಮೆಗಳ ಕನ್ನಡತಿಯರಿಗೂ ಈ ಬಾಗಿಲು ತೆರೆಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಗೆ ಉಮೇದುವಾರರಾಗಿ ನಿಂತು, ಅಲ್ಪ ಮತಗಳ ಅಂತರದಿಂದ ಪರಾಜಿತರಾದರು.

ಇನ್ನು ಮೈಸೂರು ಸಂಸ್ಥಾನದ ವಿಷಯ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಸ್ಥಾಪಿತವಾಯಿತು. ಮೊದಲು ನಾಮಕರಣದಿಂದ ಬರುತ್ತಿದ್ದ ಪ್ರತಿನಿಧಿಗಳು 1891ರಿಂದ ಚುನಾವಣೆಯ ಮೂಲಕ ಬರತೊಡಗಿದರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಸಮಿತಿಯ ವರದಿಯನ್ನು ಅನುಸರಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1923ರಲ್ಲಿ ಸಭೆಗೆ ಹೊಸ ಶಾಸನ ಬಂದಿತು. ಹೆಣ್ಣೆಂಬ ಕಾರಣದಿಂದ ಮತವನ್ನು ನಿರಾಕರಿಸುವ ಪದ್ಧತಿ ಆಗ ತೊಲಗಿತು.

ಆದರೆ ಬಾಗಿಲು ತೆರೆದರೂ ಹೊಸ್ತಿಲು ಎತ್ತರವಾಗಿಯೇ ಉಳಿಯಿತು. ಮತದಾರನಾಗಲು ಗೊತ್ತುಪಡಿಸಿದ ಕಂದಾಯವನ್ನೋ ತೆರಿಗೆಯನ್ನೋ ಕಟ್ಟುತ್ತಿರಬೇಕು, ಇಲ್ಲವೆ ವಿದ್ಯಾರ್ಹತೆ ಪಡೆದಿರಬೇಕು. ಬೆಂಗಳೂರಿನ ಉತ್ತರಕ್ಕಿದ್ದ ಯಲಹಂಕ, ಹೆಬ್ಬಾಳದ ಸೀಮೆಯನ್ನೇ ಮನಸ್ಸಿಗೆ ತಂದುಕೊಳ್ಳಬಹುದು. ಇಂದು ನಗರದೊಳಗೆ ಸೇರಿಹೋಗಿರುವ ಅವು ಅಂದು ಕೆರೆಯ ಹಿಂದೆ ಗದ್ದೆ, ಮೇಲೆ ರಾಗಿಯ ಹೊಲವಿದ್ದ ಊರುಗಳು. ಕಳೆ ಕಿತ್ತು ತೆನೆ ಕೊಯ್ಯುವವಳು ಹೆಣ್ಣಾದರೂ ಜಮೀನಿನ ಖಾತೆ ಸಾಮಾನ್ಯವಾಗಿ ಮನೆಯ ಯಜಮಾನನ ಹೆಸರಿನಲ್ಲಿ ಇರುತ್ತಿತ್ತು. ಖಾತೆಯಲ್ಲಿ ಹೆಸರಿಲ್ಲದವಳಿಗೆ ಕಂದಾಯದ ರಸೀದಿಯಿಲ್ಲ. ರಸೀದಿಯಿಲ್ಲದವಳಿಗೆ ಆ ಬಲದಿಂದ ಮತವೂ ಇಲ್ಲ. ಹೆಣ್ಣೆಂದು ತಡೆಯದ ಕಾನೂನು, ಆಸ್ತಿಯಿಲ್ಲವೆಂದು ಅವಳನ್ನು ತಡೆಯಿತು. ಮೈಸೂರಿನಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಜಾರಿಗೆ ಬಂದು ಆಸ್ತಿಯ ವಿಷಯದಲ್ಲಿ ಅವರ ಸ್ಥಿತಿಯನ್ನು ಉತ್ತಮಪಡಿಸಿತೆಂಬುದನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಬ್ರಿಟಿಷ್ ಪ್ರಾಂತಗಳಲ್ಲಿ 1935ರ ಶಾಸನವು ಬೇರೊಂದು ದಾರಿ ಹಿಡಿಯಿತು. ಅಕ್ಷರಸ್ಥ ಸ್ತ್ರೀಯರೊಡನೆ, ಆಸ್ತಿಯ ಅರ್ಹತೆಯುಳ್ಳವರ ಪತ್ನಿಯರಿಗೂ ಮತವಿತ್ತಿತು. ಇದರಿಂದ ಮತದಾರ್ತಿಯರ ಸಂಖ್ಯೆ ಬೆಳೆಯಿತೆಂಬುದು ನಿಜ. ಆದರೆ ಪತ್ನಿಯೆಂಬ ಕಾರಣಕ್ಕೆ ಬಂದ ಹಕ್ಕು ಅವಳ ಸ್ವಂತದ್ದೆಂದು ಹೇಗೆ ಹೇಳುವುದು?

ಈ ಪ್ರಶ್ನೆಗೆ ಉತ್ತರ ದೊರೆತುದು 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಲ್ಲಿ. ಅದರ 326ನೆಯ ವಿಧಿಯು ವಯಸ್ಕರೆಲ್ಲರಿಗೂ ಮತವಿತ್ತಿತು. ಅಂದು 21 ಇದ್ದ ವಯೋಮಿತಿ 1989ರಲ್ಲಿ 18ಕ್ಕೆ ಇಳಿಯಿತು. ಕಂದಾಯ, ಖಾತೆ, ಅಕ್ಷರ, ಗಂಡ ಯಾವುದೂ ಬೇಕಿಲ್ಲದೆ ವ್ಯಕ್ತಿಯೇ ಪ್ರಮಾಣವಾದಳು. ಬೇಕಾದುದು ಒಂದೇ: ಪಟ್ಟಿಯಲ್ಲಿ ಅವಳ ಹೆಸರು.

ಅಲ್ಲಿಯೇ ತೊಡಕುಂಟಾಯಿತು. 1951–52ರ ಪ್ರಥಮ ಮಹಾಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಪ್ಪದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ದೇಶದ ಸುಮಾರು 8 ಕೋಟಿ ಮತದಾರ್ತಿಯರಲ್ಲಿ ಸುಮಾರು 28 ಲಕ್ಷ ಮಂದಿ, ಬಹುಮಟ್ಟಿಗೆ ಉತ್ತರದ ರಾಜ್ಯಗಳವರು, ಹೆಸರು ಕೊಡದ ಕಾರಣ ಪಟ್ಟಿಯಿಂದ ಹೊರಗುಳಿದರು. ನಿಯಮ ಕಠಿಣವಾಗಿ ತೋರಬಹುದು. ಆದರೆ ಹೆಸರಿಲ್ಲದವಳ ಮತವನ್ನು ಮತ್ತೊಬ್ಬರು ಹಾಕುವುದು ಸುಲಭವೆಂಬುದನ್ನು ಮರೆಯಲಾಗದು.

ವಚನಸಾಹಿತ್ಯದ ಅಭ್ಯಾಸಿಗಳಿಗೆ ಇಲ್ಲೊಂದು ಹೋಲಿಕೆ ಹೊಳೆಯದಿರದು. ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’ ಎಂದು ನಮ್ಮ ಸಂಪುಟಗಳಲ್ಲಿ ಕಾಣುತ್ತೇವೆ. ಪತಿಯ ಹೆಸರು ಮುಂದಿದ್ದರೂ ಕಾಳವ್ವೆಯ ಹೆಸರು ಅಳಿದಿಲ್ಲ. ಆ ಹೆಸರಿನಿಂದಲೇ ಆಕೆಯ ಮಾತು ಆಕೆಯದೆಂದು ಗುರುತಾಗುತ್ತದೆ.

ಕನ್ನಡ ನಾಡಿನ ಈ ಚರಿತ್ರೆಯು ಹೇಳುವುದಿಷ್ಟೇ: ಮತಾಧಿಕಾರವು ಖಾತೆಯಿಂದ ಗಂಡನಿಗೆ, ಗಂಡನಿಂದ ಸ್ವಂತ ಹೆಸರಿಗೆ ನಡೆದುಬಂದ ದಾರಿ. ಮದುವೆಯಾಗಿ ಊರು ಬದಲಿಸುವ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಿಂದ ಹೋಗಿ ಅತ್ತೆಮನೆಯ ಪಟ್ಟಿಗೆ ಸೇರದೆ ಉಳಿಯುವುದು ಇಂದಿಗೂ ಸಾಧ್ಯ. ಮನೆಗೆ ಬಂದ ಸೊಸೆಯ ಹೆಸರನ್ನು ಸಕಾಲದಲ್ಲಿ ಬರೆಸುವುದು ಹಿರಿಯರ ಕರ್ತವ್ಯ. ಆ ಹೆಸರಿನ ಮುಂದೆ ಯಾವ ಗುರುತು ಒತ್ತಬೇಕೆಂಬುದು ಮಾತ್ರ ಅವಳದೇ ಮತ.