ಕೆಲಸದ ಸ್ಥಳದ ಕಾನೂನು ತರಬೇತಿ ಪಠ್ಯ: ಪರಿಶೀಲನೆ ಮತ್ತು ಪರಿಷ್ಕರಣೆ

ಪೀಠಿಕೆ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಗಟ್ಟುವ ಅಧಿನಿಯಮ, 2013 ದಿನಾಂಕ 09.12.2013ರಿಂದ ಜಾರಿಯಲ್ಲಿದೆ. ವಿಶಾಖ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ನೀಡಿದ ಮಾರ್ಗಸೂಚಿಗಳು ಇದಕ್ಕೆ ತಳಹದಿಯಾಗಿವೆ. ಅಧಿನಿಯಮದ ಕಲಂ 19ರ ಪ್ರಕಾರ ನೌಕರರಿಗೆ ನಿಯತವಾಗಿ ಅರಿವು ಕಾರ್ಯಕ್ರಮಗಳನ್ನು ಹಾಗೂ ಆಂತರಿಕ ಸಮಿತಿಯ ಸದಸ್ಯರಿಗೆ ತರಬೇತಿಯನ್ನು ಏರ್ಪಡಿಸುವುದು ಉದ್ಯೋಗದಾತರ ಕರ್ತವ್ಯವಾಗಿರುತ್ತದೆ. ಇದಕ್ಕಾಗಿ ಕೈಪಿಡಿ, ಭಿತ್ತಿಪತ್ರ ಮುಂತಾದವನ್ನು ಒಮ್ಮೆ ಸಿದ್ಧಪಡಿಸಿ, ಅವುಗಳನ್ನೇ ವರ್ಷಗಟ್ಟಲೆ ಬಳಸುವುದುಂಟು. ಕಾನೂನು ಬದಲಾದಾಗ ಈ ಪಠ್ಯವೂ ಬದಲಾಗುವುದು ಅವಶ್ಯಕ.

ಹಳೆಯ ಪಠ್ಯದಿಂದ ಆಗುವ ಹಾನಿ

ಘಟನೆ ನಡೆದ ದಿನದಿಂದ, ಅಥವಾ ಸರಣಿ ಘಟನೆಗಳಿದ್ದಲ್ಲಿ ಕೊನೆಯ ಘಟನೆಯ ದಿನದಿಂದ, 3 ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಸಕಾರಣವಿದ್ದಲ್ಲಿ ಸಮಿತಿಯು ಕಾರಣಗಳನ್ನು ದಾಖಲಿಸಿ ಇನ್ನೂ 3 ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು. ಸಿದ್ಧ ಉಡುಪು ಕಾರ್ಖಾನೆಯೊಂದರ ಗೋಡೆಯ ಮೇಲಿನ ಫಲಕದಲ್ಲಿ ಕೆಲಸ ಬಿಟ್ಟುಹೋದ ಸದಸ್ಯರ ಹೆಸರುಗಳೇ ಇವೆಯೆಂದು ಭಾವಿಸೋಣ. ಅಲ್ಲಿನ ಮಹಿಳೆಯು ದೂರನ್ನು ಯಾರಿಗೆ ಕೊಡಬೇಕೆಂದು ವಿಚಾರಿಸುತ್ತಿರುವಾಗಲೇ ಈ ಅವಧಿಯು ಕಳೆದುಹೋಗುತ್ತದೆ. ಫಲಕದ ಒಂದು ತಪ್ಪು ಸಾಲು ಆಕೆಯ ಪರಿಹಾರದ ಹಕ್ಕಿಗೇ ಅಡ್ಡಿಯಾಗಬಹುದು.

ಗಮನಿಸಬೇಕಾದ ಬದಲಾವಣೆಗಳು

1. 2016ರ ತಿದ್ದುಪಡಿಯಿಂದ "ಆಂತರಿಕ ದೂರು ಸಮಿತಿ" ಎಂಬುದು "ಆಂತರಿಕ ಸಮಿತಿ" ಎಂದೂ, "ಸ್ಥಳೀಯ ದೂರು ಸಮಿತಿ" ಎಂಬುದು "ಸ್ಥಳೀಯ ಸಮಿತಿ" ಎಂದೂ ಬದಲಾಗಿವೆ.

2. ದಿನಾಂಕ 01.07.2024ರಿಂದ ಭಾರತೀಯ ದಂಡ ಸಂಹಿತೆಯ ಕಲಂ 354ಎ ಬದಲಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 75 ಅನ್ವಯಿಸುತ್ತದೆ. ಅದಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ.

3. ಕಂಪನಿಗಳು ಆಡಳಿತ ಮಂಡಳಿಯ ವರದಿಯಲ್ಲಿ ಬಂದ ದೂರುಗಳು, ಇತ್ಯರ್ಥವಾದವು ಹಾಗೂ 90 ದಿನಗಳಿಗೂ ಮೀರಿ ಬಾಕಿಯಿರುವವುಗಳ ಸಂಖ್ಯೆಯನ್ನು ತಿಳಿಸಬೇಕೆಂಬ ನಿಯಮವು ದಿನಾಂಕ 14.07.2025ರಿಂದ ಜಾರಿಗೆ ಬಂದಿದೆ.

ಪಠ್ಯದಲ್ಲಿ ತಪ್ಪದೆ ಇರಬೇಕಾದ ಅಂಶಗಳು

- ವಿಚಾರಣೆಯನ್ನು 90 ದಿನಗಳಲ್ಲಿ ಮುಗಿಸಿ, ಆನಂತರ 10 ದಿನಗಳೊಳಗೆ ವರದಿ ನೀಡುವುದು. ಶಿಫಾರಸಿನ ಮೇಲೆ ಉದ್ಯೋಗದಾತರು 60 ದಿನಗಳೊಳಗೆ ಕ್ರಮ ಜರುಗಿಸುವುದು.
- ಸಮಿತಿಯ ಸದಸ್ಯರ ಅವಧಿಯು 3 ವರ್ಷಗಳನ್ನು ಮೀರದಿರುವುದು. ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರುವುದು.
- ದೂರು ಬರೆಯಲಾರದ ಮಹಿಳೆಗೆ ಸಮಿತಿಯವರೇ ನೆರವು ನೀಡತಕ್ಕದ್ದೆಂಬ ವಿಷಯ.
- 10ಕ್ಕಿಂತ ಕಡಿಮೆ ನೌಕರರಿದ್ದು ಆಂತರಿಕ ಸಮಿತಿ ಇಲ್ಲದ ಕಡೆ ಹಾಗೂ ಉದ್ಯೋಗದಾತರ ಮೇಲೆಯೇ ದೂರಿರುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದೆಂಬ ವಿಷಯ.

ಪರಿಶೀಲನೆಯ ಕ್ರಮ

ಪಠ್ಯದ ಪ್ರತಿಯೊಂದು ಹೇಳಿಕೆಯ ಎದುರಿಗೆ ಸಂಬಂಧಿಸಿದ ಕಲಂ ಅಥವಾ ನಿಯಮದ ಸಂಖ್ಯೆಯನ್ನು ಬರೆದು, ಮೂಲ ಅಧಿನಿಯಮದೊಂದಿಗೆ ತಾಳೆ ನೋಡುವುದು ಸೂಕ್ತ. ಆಧಾರವಿಲ್ಲದ ಸಾಲನ್ನು ತೆಗೆದುಹಾಕಬೇಕು. ಪ್ರತಿ ಪುಟದಲ್ಲಿ ಪರಿಶೀಲನೆಯ ದಿನಾಂಕವಿರಲಿ. ಹಿಂತೆಗೆದುಕೊಂಡ ಪ್ರತಿಗಳನ್ನು ನಾಶಪಡಿಸದೆ, ಅವು ಬಳಕೆಯಲ್ಲಿದ್ದ ಅವಧಿಯನ್ನು ನಮೂದಿಸಿ ಕಡತದಲ್ಲಿರಿಸುವುದು ಒಳಿತು. ನೌಕರರಿಗೆ ಯಾವಾಗ ಏನನ್ನು ತಿಳಿಸಲಾಗಿತ್ತು ಎಂಬ ಪ್ರಶ್ನೆಗೆ ಅವೇ ಉತ್ತರ.

ಕನ್ನಡ ಪಠ್ಯವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ. "ಮಾಡಬಹುದು" ಮತ್ತು "ಮಾಡತಕ್ಕದ್ದು" ಇವೆರಡರ ನಡುವೆ ಕಾನೂನಿನ ಅಂತರವಿದೆ. ಕಲಂ 10ರ ಪ್ರಕಾರ, ವಿಚಾರಣೆಗೆ ಮುನ್ನ, ನೊಂದ ಮಹಿಳೆಯೇ ಕೋರಿದಲ್ಲಿ ಮಾತ್ರ ರಾಜಿಗೆ ಅವಕಾಶವುಂಟು. ಹಣದ ಆಧಾರದ ಮೇಲೆ ರಾಜಿ ಸಲ್ಲದು. "ಮೊದಲು ರಾಜಿಗೆ ಪ್ರಯತ್ನಿಸತಕ್ಕದ್ದು" ಎಂದು ಬರೆದರೆ ಅರ್ಥವೇ ತಿರುವುಮುರುವಾಗುತ್ತದೆ. ಅದೇ ರೀತಿ, ದೂರನ್ನು ಸಾಬೀತುಪಡಿಸಲಾಗದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲವೆಂಬ ಕಲಂ 14ರ ಆಶಯವನ್ನು ಬಿಟ್ಟು, ಸುಳ್ಳು ದೂರಿನ ಶಿಕ್ಷೆಯನ್ನಷ್ಟೇ ದೊಡ್ಡಕ್ಷರಗಳಲ್ಲಿ ಮುದ್ರಿಸಿದರೆ ನೊಂದವರು ಹಿಂಜರಿಯುವರು. ಹೊರರಾಜ್ಯದ ಕಾರ್ಮಿಕರಿರುವಲ್ಲಿ ಅವರ ಭಾಷೆಯ ಪ್ರತಿಯನ್ನೂ ಜೊತೆಯಲ್ಲಿಯೇ ಪರಿಷ್ಕರಿಸಬೇಕು.

ವರ್ಷಕ್ಕೊಮ್ಮೆ ಪೂರ್ಣ ಪರಿಶೀಲನೆ ನಡೆಸುವುದು ಉತ್ತಮ ಪದ್ಧತಿ. ಸದಸ್ಯರು ಬದಲಾದಾಗ, ತಿದ್ದುಪಡಿಯಾದಾಗ ಅಥವಾ ನ್ಯಾಯಾಲಯದ ನಿರ್ದೇಶನ ಬಂದಾಗ ವರ್ಷಾಂತ್ಯದವರೆಗೆ ಕಾಯಬಾರದು.

ನೌಕರರ ಗಮನಕ್ಕೆ

ಫಲಕದಲ್ಲಿ ಹಳೆಯ ಹೆಸರು ಅಥವಾ ತಪ್ಪು ಮಾಹಿತಿ ಕಂಡುಬಂದಲ್ಲಿ ಆಡಳಿತ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಬಹುದು. ಸಮಿತಿಯನ್ನು ರಚಿಸದ ಅಥವಾ ಅಧಿನಿಯಮವನ್ನು ಉಲ್ಲಂಘಿಸಿದ ಉದ್ಯೋಗದಾತರಿಗೆ ಕಲಂ 26ರನ್ವಯ 50,000 ರೂ.ಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಫಲಕದಲ್ಲಿ ತಪ್ಪಿದೆಯೆಂಬ ಕಾರಣಕ್ಕೆ ನೊಂದ ಮಹಿಳೆಯು ದೂರು ಸಲ್ಲಿಸಲು ವಿಳಂಬ ಮಾಡುವುದು ಬೇಡ.