ಅಕ್ಟೋಬರ್ 10: ಪುತ್ತೂರಿನಲ್ಲಿ ಮರೆತುಹೋದ ಗೀತನಾಟಕ

ಅಕ್ಟೋಬರ್ 10 ಬಂದರೆ ಪುತ್ತೂರು, ಅಂದು ಹುಟ್ಟಿದ ಸಾಹಿತಿ ಶಿವರಾಮ ಕಾರಂತರನ್ನು ನೆನೆಯುತ್ತದೆ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ಸುಬ್ರಹ್ಮಣ್ಯದ ಕಾಡಿನಲ್ಲಿ ಹುಟ್ಟಿದ ‘ಬೆಟ್ಟದ ಜೀವ’ದ ಮಾತಾಗುತ್ತದೆ. ಅವರು ಬರೆದ ಗೀತನಾಟಕಗಳ ಮಾತು ಮಾತ್ರ ಬರುವುದೇ ಅಪರೂಪ. ಇದು ನನ್ನ ಬಹುದಿನದ ಸಂಕಟ.

ಜಗತ್ತಿನ ಸಂಗೀತ ಚರಿತ್ರೆಯಲ್ಲಿ ಈ ತಾರೀಖು ಗೀತನಾಟಕಕ್ಕೇ ಅಂಟಿಕೊಂಡಿದೆ. ಇಟಲಿಯ ಆಪೆರಾ (ಗೀತನಾಟಕ) ದಿಗ್ಗಜ ವೆರ್ದಿ ಹುಟ್ಟಿದ್ದು 1813ರಲ್ಲಿ. ಅಕ್ಟೋಬರ್ 11ರ ಚರ್ಚಿನ ದಾಖಲೆ, ಮಗು ನಿನ್ನೆ ಹುಟ್ಟಿತು ಎನ್ನುತ್ತದೆ. ತಾಯಿಯ ಮಾತು ನಂಬಿದ ವೆರ್ದಿಗೆ ಮಾತ್ರ ಕೊನೆವರೆಗೂ ಹುಟ್ಟುಹಬ್ಬ 9ರಂದೇ! 1935ರ ಅಕ್ಟೋಬರ್ 10ರಂದು ನ್ಯೂಯಾರ್ಕಿನ ಆಲ್ವಿನ್ ಥಿಯೇಟರಿನಲ್ಲಿ ಗರ್ಶ್ವಿನ್ನರ ‘ಪೋರ್ಗಿ ಆ್ಯಂಡ್ ಬೆಸ್’ ತೆರೆ ಕಂಡಿತು. ಕಪ್ಪು ಜನರ ಬದುಕನ್ನು ಕಪ್ಪು ಗಾಯಕರೇ ಹಾಡಿದ ಆಪೆರಾ ಅದು.

ಅಂದಿಗೆ ಕಾರಂತರಿಗೆ 33 ತುಂಬಿತು. ಮೊಳಹಳ್ಳಿ ಶಿವರಾಯರ ಆಸರೆಯಲ್ಲಿ ಪುತ್ತೂರಿಗೆ ಬಂದ ಅವರು ಮಕ್ಕಳನ್ನು ಕಟ್ಟಿಕೊಂಡು ನಾಟಕ, ನೃತ್ಯಗಳ ಪ್ರಯೋಗದಲ್ಲಿ ಮುಳುಗಿದ್ದ ಕಾಲ. ಆ ಪ್ರಯೋಗಗಳ ನಡುವೆ ಪರಿಚಯವಾದ ಲೀಲಾ ಅವರನ್ನು ಮರುವರ್ಷ ಮದುವೆಯಾದರು. ‘ಮುಕ್ತದ್ವಾರ’, ‘ಕಿಸಾಗೌತಮಿ’ ಅವರ ಗೀತನಾಟಕಗಳು. ಸತ್ತ ಮಗುವನ್ನೆತ್ತಿಕೊಂಡು, ಸಾವಿಲ್ಲದ ಮನೆಯ ಸಾಸಿವೆ ಹುಡುಕುವ ತಾಯಿ ಕಿಸಾಗೌತಮಿಯ ಅಳಲಿಗೆ ಸಂಭಾಷಣೆ ಸಾಲದು, ಹಾಡೇ ಬೇಕು ಎಂದು ಕಂಡುಕೊಂಡ ಮನಸ್ಸು ಅದು.

ಅದೇ ಮನಸ್ಸು ಮುಂದೆ ಯಕ್ಷಗಾನಕ್ಕೂ ಕೈಹಾಕಿತು. ಮಾತನ್ನು ತೆಗೆದು, ಭಾಗವತಿಕೆ ಮತ್ತು ಕುಣಿತಗಳ ಮೇಲೇ ಆಟ ನಿಲ್ಲಿಸಿದರು. ಪಿಟೀಲು, ಸ್ಯಾಕ್ಸೊಫೋನ್ ತಂದರು. ಜಗಳ ಎದ್ದಿತು. ಏಳದೆ ಇರುತ್ತದೆಯೇ? ಪುತ್ತೂರು, ಸುಳ್ಯ, ಕಡಬ ಮಾತೇ ಜೀವಾಳವಾದ ತಾಳಮದ್ದಳೆಯ ಸೀಮೆ. ಇಲ್ಲಿ ಅರ್ಥಗಾರಿಕೆ ಕೇಳಲು ಬೆಳಗಿನವರೆಗೆ ಕೂರುವ ಜನರಿದ್ದಾರೆ. ಮಾತಿಲ್ಲದ ಯಕ್ಷಗಾನ ಯಕ್ಷಗಾನವೇ ಅಲ್ಲ ಎಂದವರ ನೋವು ನನಗೂ ಅರ್ಥವಾಗುತ್ತದೆ. ಆದರೂ, ‘ಯಕ್ಷಗಾನ ಬಯಲಾಟ’ ಬರೆಯಲು ಹಳೆಯ ಪ್ರಸಂಗ, ರಾಗಗಳ ಬೆನ್ನುಹತ್ತಿ ಅಲೆದವರನ್ನು ಪರಂಪರೆ ಕೆಡಿಸಿದವರೆಂದು ತಳ್ಳಿದ್ದು ಅನ್ಯಾಯ. ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ಪುತ್ತೂರಿನ ಪರ್ಲಡ್ಕದಲ್ಲಿ ಕಾರಂತರ ಬಾಲವನ ಇಂದೂ ಇದೆ. ಸುತ್ತಲಿನ ಶಾಲೆಗಳಲ್ಲಿ ಹಾಡುವ, ಕುಣಿಯುವ ಮಕ್ಕಳಿಗೆ ಬರವಿಲ್ಲ. ಮುಂದಿನ ಅಕ್ಟೋಬರ್ 10ಕ್ಕೆ ಭಾಷಣಗಳನ್ನು ಮೊಟಕುಗೊಳಿಸಿ, ಮಕ್ಕಳಿಂದ ‘ಕಿಸಾಗೌತಮಿ’ ಹಾಡಿಸಿ.